ಹೆಸರು ವಿಯೆನ್ನಾದ್ದು, ಅಚ್ಚು ಜರ್ಮನಿಯದು

ತಕಿಟ, ತಕಿಟ, ತಕಿಟ. ‘ತ’ಕ್ಕೆ ಒತ್ತು ಕೊಟ್ಟು ನಿಮಿಷಕ್ಕೆ 60 ಸಲ ಹೇಳಿ ನೋಡಿ. ನಾಲಿಗೆ ತೊಡರುವುದಿಲ್ಲ. ಅಕ್ಷರಕ್ಕೊಂದು ಹೆಜ್ಜೆಯಿಟ್ಟು, ಜೋಡಿಯನ್ನು ಹಿಡಿದುಕೊಂಡೇ ಎರಡು ತಕಿಟಕ್ಕೆ ಒಂದು ಪೂರ್ತಿ ಸುತ್ತು ಸುತ್ತಬೇಕೆಂದಾಗ ಮಾತ್ರ ಕಾಲು ತೊಡರುತ್ತದೆ. ವಿಯೆನ್ನೀಸ್ ವಾಲ್ಟ್ಸ್ ಎಂದರೆ ಇಷ್ಟೇ.

ವಿಯೆನ್ನಾ ಆಸ್ಟ್ರಿಯಾದ ಊರು. ವಾಲ್ಟ್ಸ್ ಎಂಬ ಹೆಸರು ಬಂದದ್ದು ‘ವಾಲ್ಟ್ಸೆನ್’ ಎಂಬ ಜರ್ಮನ್ ಪದದಿಂದ; ಅದಕ್ಕೆ ಉರುಳು, ಸುತ್ತು ಎಂದರ್ಥ. ಬವೇರಿಯಾ, ಆಸ್ಟ್ರಿಯಾಗಳ ಹಳ್ಳಿಗರು ದಪ್ಪ ಬೂಟು ತೊಟ್ಟು ನೆಲ ಕುಟ್ಟುತ್ತಿದ್ದ ಲೆಂಡ್ಲರ್ ಕುಣಿತ ಇದರ ಅಜ್ಜ. ಪಟ್ಟಣದ ನುಣುಪು ನೆಲಕ್ಕೆ ಬಂದಾಗ ಕುಟ್ಟುವ ಕಾಲು ಜಾರತೊಡಗಿತು, ವೇಗ ಏರಿತು. ಅರಮನೆಯ ಮಿನ್ಯುಯೆಟ್ ಕುಣಿತದಲ್ಲಿ ಬೆರಳ ತುದಿ ತಾಕಿದರೆ ಹೆಚ್ಚು. ಇಲ್ಲಿ ಸೊಂಟಕ್ಕೇ ಕೈ! ಜರ್ಮನ್ ಸಾಹಿತಿ ಗಯಟೆ 1774ರ ‘ವೆರ್ಥರ್’ ಕಾದಂಬರಿಯಲ್ಲಿ ನಾಯಕನನ್ನು ಅವನು ಮನಸೋತ ಲೊಟ್ಟೆಯ ಜೊತೆ ವಾಲ್ಟ್ಸ್‌ಗೆ ಇಳಿಸಿದ. ತಾನು ಪ್ರೀತಿಸುವ ಹೆಣ್ಣು ಇನ್ನೊಬ್ಬನ ಜೊತೆ ಇದನ್ನು ಕುಣಿಯಕೂಡದೆಂದು ವೆರ್ಥರ್ ಅಲ್ಲೇ ಶಪಥ ಮಾಡುತ್ತಾನೆ. 1797ರಲ್ಲಂತೂ ನಮ್ಮ ಪೀಳಿಗೆಯ ದೇಹ, ಬುದ್ಧಿಗಳ ದೌರ್ಬಲ್ಯಕ್ಕೆ ವಾಲ್ಟ್ಸ್ ಕಾರಣ ಎಂಬ ಪುಸ್ತಿಕೆಯೇ ಜರ್ಮನ್‌ನಲ್ಲಿ ಬಂತು. (ಈಗ ಮೊಬೈಲಿಗೆ ಬೀಳುವ ಬೈಗುಳ.)

ಅಲ್ಲಿನ ಸಂಗೀತಗಾರ ಲಾನರ್ ಮತ್ತು ಸ್ಟ್ರಾಸ್ ಮನೆತನದವರ ವಾಲ್ಟ್ಸ್ ಸಂಗೀತದಿಂದ ಕೀರ್ತಿ ವಿಯೆನ್ನಾದ ಪಾಲಾಯಿತು. ಇಪ್ಪತ್ತನೇ ಶತಮಾನದಲ್ಲಿ ಇಂಗ್ಲಿಷರು ನಿಮಿಷಕ್ಕೆ 30 ತಕಿಟದ ನಿಧಾನ ವಾಲ್ಟ್ಸ್ ರೂಪಿಸಿ ಸ್ಪರ್ಧೆಗಳನ್ನು ಆಳಿದರು. ವೇಗದ ವಾಲ್ಟ್ಸ್ ಹಳೇ ಕಾಲದ್ದೆನಿಸಿತು. ಎರಡನೇ ಮಹಾಯುದ್ಧಕ್ಕೂ ಮುನ್ನವೇ ಕಾರ್ಲ್ ಫಾನ್ ಮಿರ್ಕೊವಿಚ್ ಎಂಬಾತ ಅದರ ಬೆನ್ನು ಹತ್ತಿದ್ದ. 1951ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ನೃತ್ಯಶಿಕ್ಷಕ ಪೌಲ್ ಕ್ರೆಬ್ಸ್ ಹಳೆಯ ಆಸ್ಟ್ರಿಯನ್ ಸುತ್ತಿಗೆ ಇಂಗ್ಲಿಷರ ಶೈಲಿ ತೊಡಿಸಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ನೃತ್ಯೋತ್ಸವದಲ್ಲಿ ದೊಡ್ಡ ಯಶಸ್ಸು ಕಂಡ. ಇಂದು ಸ್ಪರ್ಧೆಯ ಐದು ಸ್ಟ್ಯಾಂಡರ್ಡ್ ನೃತ್ಯಗಳಲ್ಲಿ ಇದೂ ಒಂದು.

ಸ್ಪರ್ಧೆಯ ಶೈಲಿಯಲ್ಲಿ ಸರಕು ಕಡಿಮೆ: ಬಲಸುತ್ತು, ಎಡಸುತ್ತು, ಒಂದರಿಂದ ಇನ್ನೊಂದಕ್ಕೆ ದಾಟುವ ಹೆಜ್ಜೆ, ನಿಂತಲ್ಲೇ ಬುಗುರಿಯಾಗುವ ಫ್ಲೆಕರ್ಲ್. ಅಮೆರಿಕನ್ ಶೈಲಿಯವರು ಹಿಡಿತ ಬಿಟ್ಟು, ತೋಳಿನಡಿ ಜೋಡಿಯನ್ನು ತಿರುಗಿಸುತ್ತಾರೆ. ನೋಡಲು ಚೆಂದವೇ, ಆದರೆ ಕಟ್ಟುಪಾಡಿನ ಬಿಗಿ ನನಗೆ ಹೆಚ್ಚು ಇಷ್ಟ. ನಿಜವಾದ ಪರೀಕ್ಷೆ ಎಡಸುತ್ತಿನದು. ಬಲಕ್ಕೆ ತಿರುಗುವಾಗ ಮೂರನೇ ಎಣಿಕೆಗೆ ಪಾದ ಜೋಡಿಸಿದರೆ ಸಾಕು. ಎಡಕ್ಕೆ ಮುಂದುವರಿಯುವಾಗ ಎಡಗಾಲನ್ನು ಬಲಗಾಲಿನ ಮುಂದೆ ಅಡ್ಡ ತರಬೇಕು. ಅದಕ್ಕೆ ಸಿಗುವುದು ಸೆಕೆಂಡಿನ ಮೂರನೇ ಒಂದು ಪಾಲು.

ಜರ್ಮನಿಯ ಮದುವೆಗಳಲ್ಲಿ ವಧೂವರರ ಮೊದಲ ಕುಣಿತ ಇಂದಿಗೂ ಹಲವೆಡೆ ಇದೇ. ಅಲ್ಲಿನ ಗೆಳೆಯರಿಂದ ಕರೆಯೋಲೆ ಬಂದರೆ ಬಲಸುತ್ತೊಂದನ್ನೇ ರೂಢಿ ಮಾಡಿಕೊಂಡು ಹೋಗಿ. ಹೆಜ್ಜೆ ಚಿಕ್ಕದಿರಲಿ, ನೆಲ ನೋಡಬೇಡಿ.