ಪೊಟರೆಯಲ್ಲಿ ಅಡಗಿದವನು

ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನ ಕಾಲದಲ್ಲಿ, ಕ್ರಿ. ಶ. 1031ರ ಸುಮಾರಿಗೆ, ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಅದರಲ್ಲಿ ಬರುವ ಧರ್ಮಬುದ್ಧಿ ದುಷ್ಟಬುದ್ಧಿಗಳ ಕಥೆಯನ್ನು ‘ವೃಕ್ಷಸಾಕ್ಷಿ’ ಎಂಬ ಹೆಸರಿನಿಂದ ನಮ್ಮ ವಿದ್ಯಾರ್ಥಿಗಳು ಬಲ್ಲರು. ಇಬ್ಬರು ಗೆಳೆಯರು ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿಯು ಅದನ್ನು ಇರುಳಿನಲ್ಲಿ ಅಗೆದೊಯ್ದು, ಕದ್ದವನು ಧರ್ಮಬುದ್ಧಿಯೇ ಎಂದು ಧರ್ಮಾಧಿಕರಣದ ಮುಂದೆ ದೂರುತ್ತಾನೆ. ಸಾಕ್ಷಿ ಯಾರೆಂದರೆ ಆ ಮರವೇ ಎನ್ನುತ್ತಾನೆ. ತನ್ನ ತಂದೆಯನ್ನು ಪೊಟರೆಯಲ್ಲಿ ಅಡಗಿಸಿ ಮರವನ್ನು ಮಾತನಾಡಿಸುತ್ತಾನೆ. ಸಂಶಯಗೊಂಡ ಧರ್ಮಬುದ್ಧಿಯು ಪೊಟರೆಗೆ ಹುಲ್ಲನ್ನೊಡ್ಡಿ ಕಿಚ್ಚಿಡಲು, ಒಳಗಿದ್ದ ಮುದುಕನು ಕೂಗಿಕೊಂಡು ಹೊರಬಿದ್ದು ಪ್ರಾಣಬಿಡುತ್ತಾನೆ.

ಈ ಕಥೆಯನ್ನು ಪಾಠ ಹೇಳುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದುಂಟು. ವಿಚಾರಣೆ ಆರಂಭವಾದಾಗ ನ್ಯಾಯಾಧಿಕಾರಿಗಳ ಮುಂದಿದ್ದವರು ಇಬ್ಬರೇ. ಅಪರಾಧದಲ್ಲಿ ಪಾಲುಗಾರನಾದ ಮೂರನೆಯವನು ಕಂಡುಬಂದದ್ದು ವಿಚಾರಣೆಯ ನಡುವೆ. ಹೀಗೆ ಕಂಡುಬಂದವನನ್ನು ಏನು ಮಾಡಬೇಕು? ಅವನ ಹೆಸರು ಮೊದಲಿನ ದೂರಿನಲ್ಲಿಲ್ಲವೆಂದು ಕಣ್ಣುಮುಚ್ಚಿ ಬಿಟ್ಟುಬಿಡಬೇಕೆ?

ಪ್ರಶ್ನೆ ಪುರಾತನವಾದರೂ ಪ್ರಸಂಗ ಇಂದಿನದು. ವಿಜಯಪುರ ಜಿಲ್ಲೆಯ ಮಮದಾಪುರದಂತಹ ಒಂದು ಊರನ್ನು ನೆನೆಯೋಣ. ಆದಿಲಶಾಹಿ ಕಾಲದ ದೊಡ್ಡ ಕೆರೆ ಅಲ್ಲಿನದು. ಅಂತಹ ಕೆರೆಯೊಂದರ ಏರಿಯ ಮೇಲೆ ನೀರಿನ ಸಲುವಾಗಿ ಹೊಡೆದಾಟವಾಗಿ ಒಬ್ಬನು ಸತ್ತನೆಂದು ಊಹಿಸಿಕೊಳ್ಳಿರಿ. ಫಿರ್ಯಾದಿಯಲ್ಲಿ ಐವರ ಹೆಸರು. ಪೊಲೀಸರ ದೋಷಾರೋಪಣ ಪಟ್ಟಿಯಲ್ಲಿ ನಾಲ್ವರದು ಮಾತ್ರ. ಬಿಟ್ಟುಹೋದವನು ಊರಿನ ಉಳ್ಳವನು. ಮುಂದೆ ಜಿಲ್ಲಾ ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ನಿಂತು ಸತ್ತವನ ತಮ್ಮನು, “ಹೊಡೆದವರು ಇವರು ಹೌದು, ಆದರೆ ಏರಿಯ ಮೇಲೆ ನಿಂತು ‘ಬಿಡಬೇಡ್ರಿ’ ಎಂದವನು ಇಲ್ಲಿ ಇಲ್ಲ” ಎನ್ನುತ್ತಾನೆ. ಆ ಮಾತನ್ನು ಕೇಳಿದ ನ್ಯಾಯಾಧೀಶರ ಕೈ ಕಟ್ಟಿದೆಯೆ?

ಹಿಂದೆ ಕಟ್ಟಿತ್ತೆಂದೇ ಹೇಳಬೇಕು. 1898ರ ದಂಡ ಪ್ರಕ್ರಿಯಾ ಸಂಹಿತೆಯ 351ನೆಯ ಕಲಮು ನ್ಯಾಯಾಲಯದಲ್ಲಿ ಹಾಜರಿದ್ದವನನ್ನು ಮಾತ್ರ ತಡೆದು ನಿಲ್ಲಿಸಲು ಅಧಿಕಾರ ಕೊಟ್ಟಿತ್ತು. ಜಾಣನಾದವನು ಆ ದಿನ ನ್ಯಾಯಾಲಯದತ್ತ ಸುಳಿಯದಿದ್ದರಾಯಿತು! ಈ ಕೊರತೆಯನ್ನು ಕಾನೂನು ಆಯೋಗವು 1969ರ ತನ್ನ 41ನೆಯ ವರದಿಯಲ್ಲಿ ಎತ್ತಿ ತೋರಿಸಿತು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 319ನೆಯ ಕಲಮು ಅದನ್ನು ತುಂಬಿತು. ಸಾಕ್ಷ್ಯದಿಂದ ಮತ್ತೊಬ್ಬನೂ ಅಪರಾಧ ಮಾಡಿದಂತೆ ತೋರಿದರೆ, ಅವನು ಎಲ್ಲಿಯೇ ಇರಲಿ, ನ್ಯಾಯಾಲಯವು ಅವನನ್ನು ಕರೆಸಬಹುದು, ಅಗತ್ಯವಿದ್ದರೆ ಹಿಡಿತರಿಸಬಹುದು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಹಳೆಯ ಸಂಹಿತೆಯ ಸ್ಥಾನದಲ್ಲಿ ಬಂದ ಮೇಲೆ ಇದೇ ಅಧಿಕಾರವು ಅದರ 358ನೆಯ ಕಲಮಿನಲ್ಲಿದೆ.

ಆದರೆ ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಇದರ ಇನ್ನೊಂದು ಮುಖವೂ ಕಾಣದೆ ಇರದು. ವೈರ ಬೆಳೆದ ಮನೆಗಳಲ್ಲಿ ಒಬ್ಬನು ಹೊಡೆದರೆ ಅವನ ಅಣ್ಣತಮ್ಮಂದಿರನ್ನೆಲ್ಲ, ಮುಪ್ಪಿನ ತಂದೆಯನ್ನೂ ಸೇರಿಸಿ ಹೆಸರಿಸುವುದುಂಟು. ಮಹಾಭಾರತದ ಮಾಂಡವ್ಯನನ್ನು ನೆನೆಯಿರಿ. ಮೌನವ್ರತದಲ್ಲಿದ್ದ ಆ ಮುನಿಯ ಆಶ್ರಮದಲ್ಲಿ ಕಳ್ಳರು ಅಡಗಿದರು. ರಾಜಭಟರು ಕಳ್ಳರ ಜೊತೆಗೆ ಅವನನ್ನೂ ಹಿಡಿದರು. ಅರಸನು ಅವನನ್ನು ಶೂಲಕ್ಕೇರಿಸಿದನು. ಸೇರಿಸುವ ಅಧಿಕಾರವು ಎಚ್ಚರ ತಪ್ಪಿದರೆ ಹೀಗಾಗುತ್ತದೆ.

ಆ ಎಚ್ಚರವನ್ನು ಸರ್ವೋಚ್ಚ ನ್ಯಾಯಾಲಯವು ಮತ್ತೆ ಮತ್ತೆ ಹೇಳಿದೆ. ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, ಹೊಸಬನನ್ನು ಸೇರಿಸಲೊಪ್ಪದ ಮ್ಯಾಜಿಸ್ಟ್ರೇಟರ ವಿವೇಚನೆಯಲ್ಲಿ ಉಚ್ಚ ನ್ಯಾಯಾಲಯವು ಕೈ ಹಾಕಬೇಕಾಗಿರಲಿಲ್ಲವೆಂದು 2004ರಲ್ಲಿ ತೀರ್ಮಾನವಾಯಿತು. ಇದು ಅಸಾಧಾರಣವಾದ ಅಧಿಕಾರ, ಬಲವಾದ ಕಾರಣವಿದ್ದಾಗ ಮಾತ್ರ ಮಿತವಾಗಿ ಬಳಸತಕ್ಕದ್ದು ಎಂದು ಅಲ್ಲಿ ಹೇಳಲಾಯಿತು. 2014ರ ಜನವರಿ 10ರಂದು ಹರದೀಪ್ ಸಿಂಗ್ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಅಳತೆಗೋಲನ್ನು ಸ್ಪಷ್ಟಪಡಿಸಿತು. ಪಾಟೀಸವಾಲು ಮುಗಿಯುವವರೆಗೆ ಕಾಯಬೇಕಾಗಿಲ್ಲ, ಸಾಕ್ಷಿಯ ಮುಖ್ಯ ಹೇಳಿಕೆಯ ಮೇಲೆಯೇ ಕರೆಸಬಹುದು. ಆದರೆ ಆ ಸಾಕ್ಷ್ಯವು, ದೋಷಾರೋಪ ಹೊರಿಸಲು ಸಾಕಾಗುವ ಮೇಲ್ನೋಟದ ಆಧಾರಕ್ಕಿಂತ ಹೆಚ್ಚು ಬಲವಾಗಿರಬೇಕು. 2022ರ ಡಿಸೆಂಬರ್ 5ರಂದು ಇನ್ನೊಂದು ಐವರ ಪೀಠವು ಕಾಲದ ಗಡಿಯನ್ನೂ ಗುರುತಿಸಿತು: ಆರೋಪಿಗಳು ದೋಷಿಗಳೆಂದಾದರೆ ಶಿಕ್ಷೆ ವಿಧಿಸುವ ಮುನ್ನ, ನಿರ್ದೋಷಿಗಳೆಂದಾದರೆ ಬಿಡುಗಡೆಯ ತೀರ್ಪಿಗೆ ಮುನ್ನ, ಕರೆಸುವ ಆಜ್ಞೆ ಆಗಿರಬೇಕು.

ಇಷ್ಟೆಲ್ಲದರಲ್ಲಿ ನನಗೆ ಅತ್ಯಂತ ಮಾನವೀಯವಾಗಿ ಕಂಡ ಮಾತು ಅದೇ ಕಲಮಿನ ಕೊನೆಯಲ್ಲಿ ಅಡಗಿದೆ. ಹೊಸದಾಗಿ ಸೇರಿದವನ ಮಟ್ಟಿಗೆ ವ್ಯವಹರಣೆಯು ಮೊದಲಿನಿಂದ ಆರಂಭವಾಗತಕ್ಕದ್ದು; ಸಾಕ್ಷಿಗಳನ್ನು ಮತ್ತೆ ಕೇಳತಕ್ಕದ್ದು. ಅವನಿಲ್ಲದಾಗ ಆಡಿದ ಮಾತು ಅವನನ್ನು ಕಟ್ಟಲಾರದು. ಸತ್ತವನ ತಮ್ಮನು ಮತ್ತೊಮ್ಮೆ ಕಟ್ಟೆಯೇರಿ, ಉಳ್ಳವನ ಮುಖವನ್ನು ನೋಡುತ್ತ, ಅದೇ ಮಾತನ್ನು ಆಡಬೇಕು. ಆ ಉಳ್ಳವನ ವಕೀಲರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇದರಿಂದ ಕಾಲ ಹಿಡಿಯುತ್ತದೆ, ಬಡ ಸಾಕ್ಷಿಗೆ ಕಷ್ಟವೂ ಆಗುತ್ತದೆ, ನಿಜ. ಆದರೆ ಈ ಕಷ್ಟವನ್ನು ತಪ್ಪಿಸಹೊರಟರೆ ಮಾಂಡವ್ಯನ ಶೂಲಕ್ಕೆ ದಾರಿ ತೆರೆದಂತಾದೀತು.

ದುರ್ಗಸಿಂಹನ ಕಥೆಯಲ್ಲಿ ಸತ್ಯ ಬಯಲಾಯಿತು, ಹೊನ್ನು ಧರ್ಮಬುದ್ಧಿಗೆ ಸಂದಿತು, ದುಷ್ಟಬುದ್ಧಿಗೆ ಶಿಕ್ಷೆಯಾಯಿತು. ಆದರೆ ಪೊಟರೆಯ ಮುದುಕನು ಒಂದು ಮಾತೂ ಆಡದೆ ಹೋದನು. ಮಗನ ಹಟಕ್ಕೆ ಸಿಕ್ಕ ತಂದೆಯ ಬಾಯಿಂದ ಏನು ಬರುತ್ತಿತ್ತೋ ಬಲ್ಲವರಾರು? ಬೆಂಕಿಗೆ ಕೇಳುವ ಕಿವಿಯಿಲ್ಲ. ಅಡಗಿದವನನ್ನು ಹೊರಕ್ಕೆ ಕರೆದು, ಕೂರಿಸಿ, ಅವನ ಮಾತನ್ನೂ ಕೇಳುವವರೆಗೆ ಆ ಕಥೆಯ ವಿಚಾರಣೆ ಮುಗಿದಿಲ್ಲವೆಂದೇ ನನಗೆ ತೋರುತ್ತದೆ.