ಈ ವಯಸ್ಸಿನಲ್ಲಿ ಬಸಿರೇ?

ಹಿರಿಯ ಮಗಳ ನಿಕಾಹ್ ಆಗಿ ವರ್ಷ ಕಳೆದಿದೆ. ತಾಯಿಗೆ 39. ಗಲ್ಫ್‌ನಿಂದ ರಜೆಗೆ ಬಂದ ಗಂಡ ಮರಳಿ ಹೋದ ಮೇಲೆ ಮುಟ್ಟು ನಿಂತಿದೆ. ಮುಟ್ಟು ನಿಲ್ಲುವ ವಯಸ್ಸು ಬಂತೇನೋ ಎಂದುಕೊಂಡು ಎರಡು ತಿಂಗಳು ಕಳೆಯುತ್ತದೆ. ಸಂಗತಿ ತಿಳಿದ ಮೇಲೆ, ಅಳಿಯನ ಎದುರು ಹೇಗೆ ನಿಲ್ಲಲಿ ಎಂಬ ಸಂಕೋಚದಲ್ಲಿ ಇನ್ನೂ ಮೂರು ತಿಂಗಳು. ಪುತ್ತೂರು, ಸುಳ್ಯ, ಕಡಬದ ಮನೆಗಳಿಗೆ ಇದು ಹೊಸ ಕಥೆಯಲ್ಲ.

ಸಹೋದರಿಯರೇ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಪ್ರವಾದಿ ಇಬ್ರಾಹೀಮ್(ಅ)ರ ಪತ್ನಿಗೆ ಮುಪ್ಪಿನಲ್ಲಿ ಮಗುವಿನ ಶುಭವಾರ್ತೆ ಬಂದದ್ದನ್ನು ನಾವೆಲ್ಲ ಕುರ್‌ಆನಿನಲ್ಲಿ ಓದಿದ್ದೇವೆ. ಆದರೆ ಬಚ್ಚಿಟ್ಟ ಆ ಐದು ತಿಂಗಳು ದುಬಾರಿ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ವಾರಗಳಲ್ಲೇ. ಫೋಲಿಕ್ ಆಸಿಡ್ ಮಾತ್ರೆ ಬೇಕಾಗುವುದೂ ಆಗಲೇ. ಬಸಿರಿಗೆ ಮೊದಲೇ ಆರಂಭಿಸಿದರೆ ಇನ್ನೂ ಒಳ್ಳೆಯದು.

ವಯಸ್ಸು ಏಕೆ ಮುಖ್ಯ? ಹೆಣ್ಣು ಹುಟ್ಟುವಾಗಲೇ ಅವಳ ಎಲ್ಲ ಅಂಡಾಣುಗಳೂ ಅವಳೊಳಗಿರುತ್ತವೆ. ಅವಳಿಗೆ 40 ಆದಾಗ ಅಂಡಾಣುವಿಗೂ 40. ಹಳೆಯದಾದಂತೆ ಅದರಲ್ಲಿ ವರ್ಣತಂತುಗಳು ಸರಿಯಾಗಿ ಬೇರ್ಪಡದೆ ಹೋಗಬಹುದು. ಗರ್ಭಪಾತ ಹೆಚ್ಚುವುದಕ್ಕೂ ಡೌನ್ ಸಿಂಡ್ರೋಮ್‌ಗೂ ಇದೇ ಮುಖ್ಯ ಕಾರಣ. ತಾಯಿಗೆ 25 ಇದ್ದಾಗ ಸುಮಾರು 1,200 ಮಕ್ಕಳಲ್ಲಿ ಒಂದಕ್ಕೆ ಕಾಣುವ ಡೌನ್ ಸಿಂಡ್ರೋಮ್, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಉಳಿದ 99 ಮಕ್ಕಳಿಗೆ ಅದು ಇಲ್ಲ ಎಂಬುದನ್ನೂ ನೋಡಿ. ಹೆದರಿಸುವ ನೆರೆಮನೆಯವರು ಈ ಮಾತು ಹೇಳುವುದಿಲ್ಲ.

ದಿನನಿತ್ಯ ನೋಡುವ ತೊಂದರೆ ಬೇರೆ: ರಕ್ತದೊತ್ತಡ ಮತ್ತು ಸಕ್ಕರೆ. 35 ದಾಟಿದವರಲ್ಲಿ ಎರಡೂ ಹೆಚ್ಚು. ಬಿ.ಪಿ. ಏರಿದರೆ ಮಗುವಿಗೆ ರಕ್ತ ಸಾಲದೆ ಬೆಳವಣಿಗೆ ಕುಂಠಿತವಾಗುತ್ತದೆ. ಸಕ್ಕರೆ ಹತೋಟಿಯಲ್ಲಿರದಿದ್ದರೆ ಮಗು ಅತಿಯಾಗಿ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮಗುವಿನ ಸಕ್ಕರೆ ಕುಸಿಯಲೂಬಹುದು. ಹಿಂದಿನ ಹೆರಿಗೆಗಳು ಸಿಸೇರಿಯನ್ ಆಗಿದ್ದರೆ ಹಳೆಯ ಗಾಯದ ಜಾಗಕ್ಕೆ ಮಾಸು ಅಂಟಿಕೊಳ್ಳುವ ಅಪಾಯ ಪ್ರತಿ ಸಲವೂ ಏರುತ್ತದೆ. ಇಂಥವರು ರಕ್ತ ಸಿಗುವ ದೊಡ್ಡ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಂಗಳೂರಿನ ಸರಕಾರಿ ಲೇಡಿಗೋಷನ್ ಆಸ್ಪತ್ರೆ ಇರುವುದು ಹೆರಿಗೆಗೆಂದೇ. ಆದರೆ ಪುತ್ತೂರಿನಿಂದಲೇ ಅದು 50 ಕಿಲೋಮೀಟರ್ ದೂರ, ಸುಳ್ಯದಿಂದ ಇನ್ನೂ ದೂರ. ನೋವು ಬಂದ ಮೇಲೆ ಯೋಚಿಸುವ ವಿಷಯವಲ್ಲ.

ಇನ್ನು ಸೊಸೆಯ ವಿಷಯ. 18 ತುಂಬದ ಹುಡುಗಿಯ ಮದುವೆಯನ್ನು 2006ರ ಕಾಯ್ದೆ ನಿಷೇಧಿಸಿದೆ. 18ಕ್ಕೆ ನಿಕಾಹ್ ಆದರೂ ವರ್ಷದೊಳಗೆ ತೊಟ್ಟಿಲು ತೂಗಲೇಬೇಕೆಂದಿಲ್ಲ. ಹದಿಹರೆಯದವಳ ದೇಹ ಇನ್ನೂ ಬೆಳೆಯುತ್ತಿರುತ್ತದೆ; ಇರುವ ಅನ್ನ, ಕಬ್ಬಿಣಾಂಶ ಇಬ್ಬರಿಗೂ ಹಂಚಿಹೋಗುತ್ತದೆ. ರಕ್ತಹೀನತೆ, ದಿನ ತುಂಬುವ ಮೊದಲೇ ಹೆರಿಗೆ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಈ ವಯಸ್ಸಿನಲ್ಲಿ ಹೆಚ್ಚು. "ಇನ್ನೂ ವಿಶೇಷ ಏನೂ ಇಲ್ವಾ?" ಎಂದು ಪ್ರತಿ ಮದುವೆಮನೆಯಲ್ಲೂ ಕೇಳುವ ಮಾಮಿಯರು ಸ್ವಲ್ಪ ತಾಳಬೇಕು.

20ರಿಂದ 35ರ ನಡುವೆ ಅಪಾಯ ಕಡಿಮೆ ನಿಜ, ಆದರೆ ಮಕ್ಕಳ ನಡುವೆ ಅಂತರ ಬೇಕು. ಹೆರಿಗೆಯಾಗಿ ಕನಿಷ್ಠ ಎರಡು ವರ್ಷ ಕಳೆದು ಮುಂದಿನ ಬಸಿರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುರ್‌ಆನ್ ಹೇಳಿರುವ ಹಾಲುಣಿಸುವ ಪೂರ್ಣ ಅವಧಿಯೂ ಎರಡು ವರ್ಷವೇ.

ಮುಟ್ಟು ತಪ್ಪಿದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇದೆ. 18ರಿಂದ 20ನೇ ವಾರದ ಸ್ಕ್ಯಾನಿಂಗ್ ತಪ್ಪಿಸಬೇಡಿ. ರಮಝಾನ್ ಬಂದರೆ ಉಪವಾಸದ ಬಗ್ಗೆ ಮೊದಲು ವೈದ್ಯರನ್ನು ಕೇಳಿ. ಗರ್ಭಿಣಿಗೆ ರಿಯಾಯಿತಿ ಶರೀಅತ್‌ನಲ್ಲೇ ಇದೆ, ಕಝಾ-ಫಿದ್ಯಾದ ವಿವರ ಉಸ್ತಾದರು ಹೇಳುತ್ತಾರೆ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತಸ್ರಾವ, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇದರಲ್ಲಿ ಯಾವುದು ಕಂಡರೂ ಗಂಡನ ಫೋನಿಗಾಗಿ ಕಾಯದೆ 108ಕ್ಕೆ ಕರೆ ಮಾಡಿ.