ಸಂಸತ್ತಿನ ಮೆಟ್ಟಿಲು ಹತ್ತದ ಜನನಾಯಕ: ವಿಜಯ ಕುಮಾರತುಂಗ

ಸಿನಿಮಾ ನಟರು ರಾಜಕೀಯಕ್ಕೆ ಇಳಿಯುವುದು ನಮಗೇನೂ ಹೊಸದಲ್ಲ. ಎಂ.ಜಿ.ಆರ್. ತಮಿಳುನಾಡಿನಲ್ಲಿ, ಎನ್.ಟಿ.ಆರ್. ಆಂಧ್ರದಲ್ಲಿ ಮುಖ್ಯಮಂತ್ರಿಗಳಾದರು. ಅವರಿಬ್ಬರೂ ಅಧಿಕಾರದಲ್ಲಿದ್ದ ಕಾಲಕ್ಕೇ ಶ್ರೀಲಂಕಾದಲ್ಲಿ ಸಿಂಹಳ ಚಿತ್ರರಂಗದ ಮೆಚ್ಚಿನ ನಾಯಕನಟರೊಬ್ಬರು ಪಕ್ಷ ಕಟ್ಟಿ ಊರೂರು ಸುತ್ತುತ್ತಿದ್ದರು. ಅವರು ಒಮ್ಮೆಯೂ ಸಂಸತ್ತಿಗೆ ಆರಿಸಿ ಬರಲಿಲ್ಲ, ಮಂತ್ರಿಯಾಗಲಿಲ್ಲ. 42ನೇ ವಯಸ್ಸಿನಲ್ಲಿ ತಮ್ಮ ಮನೆಯೆದುರೇ ಗುಂಡಿಗೆ ಬಲಿಯಾದರು. ಹಾಗಿದ್ದೂ ಲಂಕೆಯ ಜನಾಂಗೀಯ ಯುದ್ಧದ ಚರಿತ್ರೆ ಬರೆಯುವವರು ವಿಜಯ ಕುಮಾರತುಂಗರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕರಾವಳಿಯಿಂದ ಬೆಳ್ಳಿತೆರೆಗೆ

ಕೊಲಂಬೊದಿಂದ ಉತ್ತರಕ್ಕೆ ನೆಗೊಂಬೊವರೆಗಿನ ಕರಾವಳಿಯಲ್ಲಿ ಪೋರ್ಚುಗೀಸರ ಕಾಲದಿಂದಲೂ ಕ್ಯಾಥೊಲಿಕರ ಸಂಖ್ಯೆ ಹೆಚ್ಚು. ವಿಜಯ ಹುಟ್ಟಿದ್ದು ಈ ಸೀಮೆಯ ಕ್ಯಾಥೊಲಿಕ್ ಕುಟುಂಬದಲ್ಲಿ, 1945ರ ಅಕ್ಟೋಬರ್ 9ರಂದು. ಅವರು ಒಂದು ವರ್ಷದ ಮಗುವಾಗಿದ್ದಾಗ ಮೊದಲ ಸಿಂಹಳ ವಾಕ್‌ಚಿತ್ರ ‘ಕಡವುಣು ಪೊರೊಂದುವ’ ತೆರೆಕಂಡಿತು. ಅದು ತಯಾರಾದದ್ದು ಮದುರೆಯ ಸ್ಟುಡಿಯೋದಲ್ಲಿ. ಆಮೇಲೂ ಎಷ್ಟೋ ವರ್ಷ ಸಿಂಹಳ ಚಿತ್ರಗಳು ದಕ್ಷಿಣ ಭಾರತದ ಸ್ಟುಡಿಯೋಗಳಲ್ಲೇ ತಯಾರಾದವು. ಕತೆ, ಕುಣಿತ, ಹಾಡುಗಳ ಧಾಟಿಯೂ ಇಲ್ಲಿಯದೇ. 1956ರಲ್ಲಿ ಲೆಸ್ಟರ್ ಜೇಮ್ಸ್ ಪೀರಿಸ್ ‘ರೇಖಾವ’ ಚಿತ್ರಕ್ಕಾಗಿ ಕ್ಯಾಮೆರಾವನ್ನು ಲಂಕೆಯ ಹಳ್ಳಿಯ ಬಯಲಿಗೆ ತಂದ ಮೇಲೆ ಸಿಂಹಳ ಸಿನಿಮಾಕ್ಕೆ ತನ್ನದೇ ಮುಖ ಮೂಡತೊಡಗಿತು.

ವಿಜಯ ಈ ಎರಡು ಧಾರೆಗಳಲ್ಲೂ ಈಜಿದ ನಟ. ಪೇರಾದೆನಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜೀವನವನ್ನು ತೋರಿಸಿದ ‘ಹಂತಾನೆ ಕಥಾವ’ (1969) ಅವರನ್ನು ಜನರ ಕಣ್ಣಿಗೆ ಬೀಳಿಸಿತು. ಮುಂದಿನ ಎರಡು ದಶಕಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಹೊಡೆದಾಟ, ಪ್ರೇಮ, ಹಾಡು ತುಂಬಿದ ಚಿತ್ರಗಳು ಚಿತ್ರಮಂದಿರಗಳನ್ನು ತುಂಬಿಸಿದವು. ತಾವೇ ಹಾಡುತ್ತಲೂ ಇದ್ದರು. ಜೊತೆಗೆ ಧರ್ಮಸೇನ ಪತಿರಾಜರಂಥ ಹೊಸ ಅಲೆಯ ನಿರ್ದೇಶಕರಿಗೂ ಅವರೇ ಬೇಕಾದ ನಟ. 1971ರಲ್ಲಿ ಜನತಾ ವಿಮುಕ್ತಿ ಪೆರಮುನ (ಜೆವಿಪಿ) ನಡೆಸಿದ ಯುವಜನರ ದಂಗೆಯನ್ನು ಸರ್ಕಾರ ಸೇನೆ ಬಳಸಿ ಅಡಗಿಸಿತ್ತು. ಸಾವಿರಾರು ಮಂದಿ ಸತ್ತಿದ್ದರು. ಆ ಬಳಿಕದ ವರ್ಷಗಳ ನಿರುದ್ಯೋಗಿ ಹುಡುಗರ ಕತೆಯನ್ನು ಪತಿರಾಜ ‘ಅಹಸ್ ಗವ್ವ’ದಲ್ಲಿ ಹೇಳಿದರು. ‘ಬಂಬರು ಆವಿತ್’ನಲ್ಲಿ (1978) ವಿಜಯ ನಗರದಿಂದ ಕಲ್ಪಿಟಿಯದ ಬೆಸ್ತರ ಕೇರಿಗೆ ಬಂದು, ಅಲ್ಲಿನ ಮೀನು ವ್ಯಾಪಾರಕ್ಕೆ ಕೈಹಾಕಿ ಊರಿನ ನೆಮ್ಮದಿ ಕೆಡಿಸುವ ಯುವಕನಾದರು. ಜನಪ್ರಿಯತೆಯ ತುದಿಯಲ್ಲಿದ್ದಾಗ ಇಂಥ ಪಾತ್ರ ಒಪ್ಪಿಕೊಳ್ಳುವ ನಾಯಕನಟರು ವಿರಳ.

ತೆರೆಯ ಸೆರೆ, ನಿಜದ ಸೆರೆ

1980ರ ‘ಬದ್ದೇಗಮ’ವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಹಂಬನ್‌ತೋಟದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಲಿಯೊನಾರ್ಡ್ ವುಲ್ಫ್ 1913ರಲ್ಲಿ ಪ್ರಕಟಿಸಿದ ಕಾದಂಬರಿ ಈ ಚಿತ್ರದ ಮೂಲ. ವಿಜಯ ಇದರಲ್ಲಿ ಬಾಬುನ್ ಎಂಬ ಬಡ ರೈತ. ಊರಿನ ಮುಖಂಡ ಅವನ ಮೇಲೆ ಸುಳ್ಳು ಕಳ್ಳತನದ ಆರೋಪ ಹೊರಿಸುತ್ತಾನೆ. ಕಟಕಟೆಯಲ್ಲಿ ನಿಂತ ಬಾಬುನ್‌ಗೆ ನ್ಯಾಯಾಲಯದ ರೀತಿನೀತಿಗಳೂ ತಿಳಿಯವು, ತನ್ನ ಪರ ಮಾತಾಡುವುದೂ ಬಾರದು. ತೀರ್ಪು ಕೊಡುವ ಬಿಳಿಯ ನ್ಯಾಯಾಧೀಶನ ಪಾತ್ರದಲ್ಲಿ ಕುಳಿತವರು ಕೊಲಂಬೊದಲ್ಲಿ ನೆಲೆಸಿದ್ದ ವಿಜ್ಞಾನ ಕತೆಗಾರ ಆರ್ಥರ್ ಸಿ. ಕ್ಲಾರ್ಕ್. ನಿರಪರಾಧಿ ಜೈಲು ಸೇರುತ್ತಾನೆ.

ಎರಡೇ ವರ್ಷಗಳಲ್ಲಿ ವಿಜಯ ನಿಜವಾಗಿಯೂ ಸೆರೆಮನೆ ಕಂಡರು. ಅವರ ರಾಜಕೀಯ ಎಡಪಂಥದ ಲಂಕಾ ಸಮಸಮಾಜ ಪಕ್ಷದಿಂದ ಶುರುವಾಗಿ ಶ್ರೀಲಂಕಾ ಫ್ರೀಡಂ ಪಾರ್ಟಿಗೆ ಬಂದು ನಿಂತಿತ್ತು. 1977ರಲ್ಲಿ ಕಟಾನ ಕ್ಷೇತ್ರದಿಂದ ನಿಂತು ಸೋತರು. ಆ ಸಲ ಯುನೈಟೆಡ್ ನ್ಯಾಷನಲ್ ಪಾರ್ಟಿ 168ರಲ್ಲಿ 140 ಸ್ಥಾನ ಗೆದ್ದಿತ್ತು. ಫ್ರೀಡಂ ಪಾರ್ಟಿಗೆ ದಕ್ಕಿದ್ದು ಎಂಟೇ. ಮರುವರ್ಷ ಅವರು ಮದುವೆಯಾದ ಚಂದ್ರಿಕಾ, ಇಬ್ಬರು ಪ್ರಧಾನಿಗಳ ಮಗಳು: ತಂದೆ 1959ರಲ್ಲಿ ಕೊಲೆಯಾದ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ, ತಾಯಿ ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಸಿರಿಮಾವೊ.

1982ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಚುನಾವಣೆ ಬಂತು. ಫ್ರೀಡಂ ಪಾರ್ಟಿಯ ನಾಯಕಿ ಸಿರಿಮಾವೊ ಅವರ ನಾಗರಿಕ ಹಕ್ಕುಗಳನ್ನು ಸರ್ಕಾರ ಕಿತ್ತುಕೊಂಡಿದ್ದರಿಂದ ಪಕ್ಷದ ಅಭ್ಯರ್ಥಿಯಾದವರು ಹೆಕ್ಟರ್ ಕೊಬ್ಬೆಕಡುವ. ಅವರ ಪ್ರಚಾರ ಸಭೆಗಳಿಗೆ ಜನ ಸೇರಿಸಿದ್ದು ಬಹುಮಟ್ಟಿಗೆ ವಿಜಯ. ಗೆದ್ದ ಯುನೈಟೆಡ್ ನ್ಯಾಷನಲ್ ಪಾರ್ಟಿಯ ಜೆ.ಆರ್. ಜಯವರ್ಧನೆ, ವಿರೋಧಿಗಳು ‘ನಕ್ಸಲೈಟ್ ಸಂಚು’ ಹೂಡಿದ್ದಾರೆಂದು ಆರೋಪಿಸಿದರು. ವಿಜಯರನ್ನು ವಿಚಾರಣೆಯಿಲ್ಲದೆ ಬಂಧಿಸಲಾಯಿತು. ಅವರು ಒಳಗಿದ್ದಾಗಲೇ, ಡಿಸೆಂಬರ್ 22ರಂದು, ಸಂಸತ್ತಿನ ಅವಧಿಯನ್ನು ಆರು ವರ್ಷ ಬೆಳೆಸಲು ಜನಮತಗಣನೆ ನಡೆಯಿತು. ‘ಹೌದು’ ಎನ್ನುವವರಿಗೆ ದೀಪದ ಗುರುತು, ‘ಬೇಡ’ ಎನ್ನುವವರಿಗೆ ಮಡಕೆಯ ಗುರುತು. ದೀಪ ಗೆದ್ದಿತು.

ಇಷ್ಟು ಪ್ರಸಿದ್ಧ ನಟನಿಗೆ ಯಾಕೆ ಸಂಸತ್ತಿಗೆ ಹೋಗಲಾಗಲಿಲ್ಲ ಎಂಬುದಕ್ಕೆ ದೊಡ್ಡ ಉತ್ತರ ಇಲ್ಲೇ ಇದೆ. 1977ರಲ್ಲಿ ಆದ ಸಾರ್ವತ್ರಿಕ ಚುನಾವಣೆ ಮತ್ತೆ ನಡೆದದ್ದು 1989ರಲ್ಲಿ. ಅಷ್ಟರಲ್ಲಿ ವಿಜಯ ಇರಲಿಲ್ಲ. ನಡುವೆ ಉಳಿದದ್ದು ಉಪಚುನಾವಣೆಯ ದಾರಿಯೊಂದೇ. 1983ರ ಮೇ ತಿಂಗಳಲ್ಲಿ ಮಹರ ಕ್ಷೇತ್ರದಿಂದ ನಿಂತು 45 ಮತಗಳಿಂದ ಸೋತರು. ಎಣಿಕೆ ನಡೆಯುವಾಗ ಕರೆಂಟು ಹೋಯಿತೆಂದೂ ಅದರಲ್ಲಿ ಮೋಸವಿತ್ತೆಂದೂ ಅವರ ಬೆಂಬಲಿಗರು ದೂರಿದರು.

ಜಾಫ್ನಾದ ದಾರಿ

ಮಹರದ ಸೋಲಿನ ಎರಡು ತಿಂಗಳ ಬಳಿಕ ಕೊಲಂಬೊ ಹೊತ್ತಿ ಉರಿಯಿತು. ಉತ್ತರದ ಜಾಫ್ನಾದಲ್ಲಿ ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಬಂದೂಕು ಹಿಡಿದಿದ್ದ ತಮಿಳು ಪುಲಿಗಳು (ಎಲ್‌ಟಿಟಿಇ) 13 ಸೈನಿಕರನ್ನು ಕೊಂದ ಬೆನ್ನಿಗೇ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿ ನಡೆಯಿತು. ‘ಕಪ್ಪು ಜುಲೈ’ ಎಂದು ಹೆಸರಾದ ಆ ದಿನಗಳ ನಂತರ ದೇಶ ಅಂತರ್ಯುದ್ಧಕ್ಕೆ ಜಾರಿತು. ದಕ್ಷಿಣದಲ್ಲಿ ತಮಿಳರ ಪರ ಒಂದು ಮಾತಾಡಿದರೂ ದ್ರೋಹಿ ಎನಿಸಿಕೊಳ್ಳಬೇಕಾದ ಕಾಲ ಅದು.

ಇದಕ್ಕೆ ಫ್ರೀಡಂ ಪಾರ್ಟಿಯೊಳಗಿನ ಬಂಡಾರನಾಯಕೆ ಕುಟುಂಬದ ಜಗಳವೂ ಸೇರಿ, ವಿಜಯ ಮತ್ತು ಚಂದ್ರಿಕಾ ಹೊರಬಂದು 1984ರ ಜನವರಿಯಲ್ಲಿ ಶ್ರೀಲಂಕಾ ಮಹಾಜನ ಪಕ್ಷ ಕಟ್ಟಿದರು. ತಮಿಳರಿಗೆ ಅಧಿಕಾರದಲ್ಲಿ ಪಾಲು ಸಿಗಬೇಕು, ಪ್ರಾಂತೀಯ ಸಭೆಗಳು ಬರಬೇಕು ಎಂದು ಈ ಪಕ್ಷ ಬಹಿರಂಗವಾಗಿ ಹೇಳಿತು. 1986ರಲ್ಲಿ ಸರ್ಕಾರ ಕರೆದ ಸರ್ವಪಕ್ಷ ಮಾತುಕತೆಯಿಂದ ಫ್ರೀಡಂ ಪಾರ್ಟಿ ದೂರ ಉಳಿದರೂ ಮಹಾಜನ ಪಕ್ಷ ಹೋಯಿತು.

ಅದೇ ವರ್ಷ ವಿಜಯ ಪುಲಿಗಳ ಹಿಡಿತದಲ್ಲಿದ್ದ ಜಾಫ್ನಾಕ್ಕೆ ಹೋದರು. ಅಲ್ಲಿನ ಪುಲಿ ಕಮಾಂಡರ್ ಕಿಟ್ಟು ಅವರೊಂದಿಗೆ ಕುಳಿತು ಮಾತಾಡಿದರು; ಪುಲಿಗಳ ಸೆರೆಯಲ್ಲಿದ್ದ ಸೈನಿಕರ ವಿಷಯ ಎತ್ತಿದರು. ಬಂದೂಕಿನ ಕಾವಲಿಲ್ಲದೆ ಬಂದ ಸಿಂಹಳ ನಾಯಕನನ್ನು ಜಾಫ್ನಾದ ಜನ ಕಂಡರು. ದಕ್ಷಿಣದಲ್ಲಿ ಸೆರೆಯಾಳುಗಳ ತಾಯಂದಿರಿಗೆ ಇದು ಆಸೆ ಹುಟ್ಟಿಸಿದರೆ, ಉಗ್ರ ರಾಷ್ಟ್ರೀಯವಾದಿಗಳಿಗೆ ಸಿಟ್ಟು ತರಿಸಿತು. ಸಿನಿಮಾದಿಂದ ಗಳಿಸಿದ ಹೆಸರನ್ನು ವಿಜಯ ಖರ್ಚು ಮಾಡಿದ್ದು ಹೀಗೆ, ಒಂದು ಮತವೂ ಹುಟ್ಟದ ಕೆಲಸಕ್ಕೆ.

1988ರ ಫೆಬ್ರವರಿ

1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಭಾರತ–ಲಂಕಾ ಒಪ್ಪಂದಕ್ಕೆ ಸಹಿ ಹಾಕಿದರು. ಭಾರತದ ಶಾಂತಿಪಡೆ ಬಂದಿಳಿಯಿತು, ಪ್ರಾಂತೀಯ ಸಭೆಗಳ ಕಾನೂನು ಬಂತು. ಜೆವಿಪಿ ಇದನ್ನು ದೇಶದ್ರೋಹವೆಂದು ಸಾರಿ ಎರಡನೇ ದಂಗೆಗೆ ಇಳಿಯಿತು. ಒಪ್ಪಂದ ಬೆಂಬಲಿಸಿದವರು ಅದರ ಗುರಿಯಾದರು. ವಿಜಯ ಬೆಂಬಲ ಹಿಂತೆಗೆಯಲಿಲ್ಲ. ಎಡಪಕ್ಷಗಳನ್ನು ಸೇರಿಸಿ ಹೊಸ ಒಕ್ಕೂಟ ಕಟ್ಟುವುದರಲ್ಲಿ ತೊಡಗಿದ್ದರು. 1988ರ ಫೆಬ್ರವರಿ 16ರಂದು ಕೊಲಂಬೊದ ಪೊಲ್ಹೇನ್‌ಗೊಡದಲ್ಲಿ, ಮನೆಯ ಮುಂದೆ, ಮೋಟಾರು ಬೈಕಿನಲ್ಲಿ ಬಂದ ಹಂತಕರು ಅವರನ್ನು ಗುಂಡಿಕ್ಕಿ ಕೊಂದರು. ಕೊಲೆಯ ಹೊಣೆ ಜೆವಿಪಿಯ ಸಶಸ್ತ್ರ ವಿಭಾಗದ ಮೇಲೆ ಬಿತ್ತು. ಹಿಂದೆ ಬೇರೆ ಕೈಗಳೂ ಇದ್ದವೇ ಎಂಬ ವಾದ ತನಿಖಾ ಆಯೋಗದವರೆಗೂ ಹೋಯಿತು.

ಅವರಾದ ಮೇಲೆ

ಸಿಂಹಳ ತೆರೆಯ ಇನ್ನೊಬ್ಬ ದಿಗ್ಗಜ ಗಾಮಿಣಿ ಫೊನ್ಸೇಕ 1989ರಲ್ಲಿ ಮಾತರ ಜಿಲ್ಲೆಯಿಂದ ಸಂಸತ್ತಿಗೆ ಗೆದ್ದು, ಉಪಸಭಾಧ್ಯಕ್ಷರಾಗಿ, ಮುಂದೆ ಈಶಾನ್ಯ ಪ್ರಾಂತದ ರಾಜ್ಯಪಾಲರೂ ಆದರು. ನಟಿ ಮಾಲಿನಿ ಫೊನ್ಸೇಕ 2010ರಲ್ಲಿ ಸಂಸದೆಯಾದರು. ವಿಜಯರಿಗೆ ಇಂಥ ಯಾವ ಹುದ್ದೆಯೂ ಸಿಗಲಿಲ್ಲ. ಅವರ ವಿಚಾರ ಮುಂದೆ ಸಾಗಿದ್ದು ಚಂದ್ರಿಕಾ ಮೂಲಕ. 1994ರಲ್ಲಿ ಶಾಂತಿಯ ಭರವಸೆ ಕೊಟ್ಟು ಶೇ. 62ರಷ್ಟು ಮತ ಪಡೆದು ಅವರು ಅಧ್ಯಕ್ಷೆಯಾದರು. ಪುಲಿಗಳೊಂದಿಗಿನ ಕದನವಿರಾಮ 1995ರ ಏಪ್ರಿಲ್‌ನಲ್ಲಿ ಮುರಿದುಬಿತ್ತು. ಯುದ್ಧ ಮುಗಿದದ್ದು 2009ರಲ್ಲಿ.

ಇಂದು ಲಂಕೆಯನ್ನು ಆಳುತ್ತಿರುವುದು ಅದೇ ಜೆವಿಪಿಯ ನೇತೃತ್ವದ ಮೈತ್ರಿಕೂಟ. ಬಂದೂಕು ಕೆಳಗಿಟ್ಟು ಮತಪೆಟ್ಟಿಗೆಯ ದಾರಿ ಹಿಡಿದ ಆ ಪಕ್ಷದ ನಾಯಕ ಅನುರ ಕುಮಾರ ದಿಸಾನಾಯಕೆ 2024ರಲ್ಲಿ ಅಧ್ಯಕ್ಷರಾದರು. ಆ ವರ್ಷದ ನವೆಂಬರ್‌ನ ಸಂಸತ್ ಚುನಾವಣೆಯಲ್ಲಿ ಅವರ ಕೂಟ ಜಾಫ್ನಾ ಜಿಲ್ಲೆಯ ಆರರಲ್ಲಿ ಮೂರು ಸ್ಥಾನ ಗೆದ್ದಿತು. ತಮಿಳರ ಊರಿಗೆ ಹೋಗಿ ಅವರ ಮಾತು ಕೇಳುವುದನ್ನು ಒಂದು ಕಾಲಕ್ಕೆ ದ್ರೋಹವೆಂದ ಪಕ್ಷವೂ ಕೊನೆಗೆ ಮತ ಕೇಳಲು ಜಾಫ್ನಾಕ್ಕೆ ಹೋಗಲೇಬೇಕಾಯಿತು.